ಶೀಟ್ ಫಿಲಂ ಸಂಸ್ಕರಣೆಯಲ್ಲಿ ಅಸಮ ಕಲೆಗಳು: ಕಾರಣಶೋಧ ಮತ್ತು ಪರಿಹಾರ

ಪ್ರಸ್ತಾವನೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನ ಪಾಳಾ ಪರಿಸರದಲ್ಲಿ ವೀರಗಲ್ಲುಗಳ ಛಾಯಾಚಿತ್ರ ದಾಖಲೀಕರಣ ಕೈಗೊಂಡಿದ್ದಾಗ ಈ ಲೇಖಕನಿಗೆ ಎದುರಾದ ತೊಡಕೊಂದು ಪ್ರಸ್ತುತ ಲೇಖನಕ್ಕೆ ಪ್ರೇರಣೆಯಾಗಿದೆ. ಮರದ ನೆರಳಿನಲ್ಲಿದ್ದ ಮೂರು ಪಟ್ಟಿಕೆಗಳ ವೀರಗಲ್ಲೊಂದನ್ನು 4×5 ಅಂಗುಲದ ಶೀಟ್ ಫಿಲಂ ಮೇಲೆ, ಅಡ್ಡ ಚೌಕಟ್ಟಿನಲ್ಲಿ ತೆಗೆಯಲಾಗಿತ್ತು. ಕೆಳಗೆ ಯುದ್ಧದ ದೃಶ್ಯ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಲಿಂಗಪೂಜೆ ಇದ್ದ ಆ ಕಲ್ಲಿನ ಮುದ್ರಿತ ಚಿತ್ರದಲ್ಲಿ ಮೇಲಂಚಿನಿಂದ ನಡುಪಟ್ಟಿಕೆಯವರೆಗೆ ಮಸುಕಾದ ಕಪ್ಪು ಪಟ್ಟೆಯೊಂದು ಇಳಿದಂತೆ ಕಾಣುತ್ತಿತ್ತು. ಚಿತ್ರವನ್ನು ನೋಡಿದ ಸಂಶೋಧಕ ಮಿತ್ರರೊಬ್ಬರು ಅದನ್ನು ಮಳೆನೀರು ಇಳಿದು ಶಿಲೆ ಕಪ್ಪಾದ ಗುರುತೆಂದು ಭಾವಿಸಿ, ಕಲ್ಲು ಶಿಥಿಲವಾಗುತ್ತಿದೆ ಎಂಬ ಟಿಪ್ಪಣಿಯನ್ನು ತಮ್ಮ ವಿವರಪಟ್ಟಿಯಲ್ಲಿ ಸೇರಿಸಿಕೊಂಡರು. ಮರಳಿ ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಕಲ್ಲಿನ ಮೇಲೆ ಅಂತಹ ಯಾವ ಗುರುತೂ ಇರಲಿಲ್ಲ. ಪಟ್ಟೆಯಿದ್ದುದು ಕಲ್ಲಿನಲ್ಲಲ್ಲ, ನೆಗೆಟಿವ್‌ನಲ್ಲಿ.

ಈ ಪ್ರಕರಣದಲ್ಲಿ ಕಲ್ಲು ಸ್ವಸ್ಥಾನದಲ್ಲಿಯೇ ಇದ್ದುದರಿಂದ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಆದರೆ ನಮ್ಮ ಸಂಗ್ರಹಾಲಯಗಳಲ್ಲಿರುವ ಅನೇಕ ಗಾಜಿನ ಪ್ಲೇಟುಗಳು ಹಾಗೂ ಶೀಟ್ ಫಿಲಂಗಳಲ್ಲಿ ದಾಖಲಾದ ಶಿಲ್ಪ, ಶಾಸನ, ಕಟ್ಟಡಗಳು ಇಂದು ಸ್ಥಳಾಂತರಗೊಂಡಿರಬಹುದು ಅಥವಾ ನಾಶವಾಗಿರಬಹುದು. ಅಂತಹ ಸಂದರ್ಭದಲ್ಲಿ ನೆಗೆಟಿವ್ ಒಂದೇ ಸಾಕ್ಷಿ. ಸಂಸ್ಕರಣೆಯ ದೋಷಗಳನ್ನು ಗುರುತಿಸಿ ಬೇರ್ಪಡಿಸುವುದು ಆದುದರಿಂದ ಛಾಯಾಗ್ರಾಹಕನಿಗೆ ಮಾತ್ರವಲ್ಲದೆ ಸಂಶೋಧಕನಿಗೂ ಗ್ರಂಥಪಾಲಕನಿಗೂ ಅಗತ್ಯವಾದ ಕೆಲಸ. ಕನ್ನಡದಲ್ಲಿ ‘ಕಲೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿದ್ದು, ಈ ಲೇಖನದಲ್ಲಿ ಅದನ್ನು ಮಚ್ಚೆ, ಗುರುತು ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

ಚಾರಿತ್ರಿಕ ಹಿನ್ನೆಲೆ

ಕರ್ನಾಟಕದ ಸ್ಮಾರಕಗಳ ಛಾಯಾಗ್ರಹಣವು ಆರಂಭದಿಂದಲೂ ದೊಡ್ಡ ಅಳತೆಯ ನೆಗೆಟಿವ್‌ಗಳನ್ನೇ ಆಶ್ರಯಿಸಿತ್ತು. ಲಿನೇಯಸ್ ಟ್ರೈಪ್ 1854ರಲ್ಲಿ ಹಳೇಬೀಡು ಮತ್ತು ಬೇಲೂರಿನ ದೇವಾಲಯಗಳನ್ನು ಚಿತ್ರಿಸಿದನು. ಬೊಂಬಾಯಿ ಸರ್ಕಾರವು 1855ರಲ್ಲಿ ಥಾಮಸ್ ಬಿಗ್ಸ್‌ನನ್ನು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಛಾಯಾಗ್ರಹಣಕ್ಕೆ ನೇಮಿಸಿತು. ಆತನ ನಂತರ ಆ ಹೊಣೆಯನ್ನು ವೈದ್ಯನಾಗಿದ್ದ ವಿಲಿಯಂ ಹೆನ್ರಿ ಪಿಗೂ ವಹಿಸಿಕೊಂಡನು. ಇವರಿಬ್ಬರ ಮತ್ತು ಎ.ಸಿ.ಬಿ. ನೀಲ್ ಎಂಬಾತನ ಚಿತ್ರಗಳು, ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟಗೊಂಡವು. ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ದಾಖಲಿಸಿದನು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ನೆಲೆಗಳಿಂದ ಹಂಪಿಯನ್ನು ಮರುಚಿತ್ರಿಸಿದುದರಿಂದ, ಒಂದೂಕಾಲು ಶತಮಾನದ ಅವಧಿಯಲ್ಲಿ ಉಂಟಾದ ಬದಲಾವಣೆಗಳನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು.

ಅಸಮತೆಯ ಸಮಸ್ಯೆ ಈ ಮೊದಲಿಗರಿಗೂ ಇತ್ತು. ಕಾಗದದ ನೆಗೆಟಿವ್‌ಗಳಲ್ಲಿ ಆಕಾಶದ ಭಾಗವು ಮಚ್ಚೆಮಚ್ಚೆಯಾಗಿ ಮೂಡುತ್ತಿದ್ದುದರಿಂದ ಆ ಭಾಗಕ್ಕೆ ಮಸಿ ಬಳಿದು, ಮುದ್ರಣದಲ್ಲಿ ಬಿಳಿಯಾಗಿ ಬರುವಂತೆ ಮಾಡುವುದು ಅಂದಿನ ರೂಢಿಯಾಗಿತ್ತು. ಟ್ರೈಪ್ 1855ರ ಬರ್ಮಾ ನೆಗೆಟಿವ್‌ಗಳ ಮೇಲೆ ಕೈಯಿಂದಲೇ ಮೋಡಗಳನ್ನು ಬರೆದನು. ಅಂದಿನ ಮುದ್ರಣಗಳಲ್ಲಿ ಕಾಣುವ ನಿರ್ಮಲವಾದ ಆಕಾಶವು ಹಲವೆಡೆ ಹವಾಮಾನದ ದಾಖಲೆಯಲ್ಲ, ಸಂಸ್ಕರಣೆಯ ದೋಷವನ್ನು ಮರೆಮಾಡಿದ ಗುರುತು. ಮುಂದೆ ಒಣ ಪ್ಲೇಟುಗಳು ಬಂದ ಮೇಲೆ, ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ ಫುಲ್ ಪ್ಲೇಟ್, ಹಾಫ್ ಪ್ಲೇಟ್ ಅಳತೆಯಲ್ಲಿ ಚಿತ್ರ ತೆಗೆಯುತ್ತಿದ್ದ ಸ್ಟುಡಿಯೋದವರು ಕೆಂಪು ದೀಪದ ಬೆಳಕಿನಲ್ಲಿ ಚಿತ್ರ ಮೂಡುವುದನ್ನು ನೋಡುತ್ತಲೇ ಸಂಸ್ಕರಿಸಬಲ್ಲವರಾಗಿದ್ದರು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲಂ ಬಳಕೆಗೆ ಬಂದ ನಂತರ ಸಂಪೂರ್ಣ ಕತ್ತಲೆ ಅನಿವಾರ್ಯವಾಗಿ, ಕಣ್ಣಿನ ಸ್ಥಾನವನ್ನು ಕೈಯ ಲಯವೂ ಗಡಿಯಾರವೂ ಆಕ್ರಮಿಸಿದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನಲ್ಲಿ ಫಿಲಂ ಒದಗಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲಂಸ್ ತನ್ನ ಉತ್ಪಾದನೆಯನ್ನು ನಿಲ್ಲಿಸಿದೆ. ಈಗ ಶೀಟ್ ಫಿಲಂ ಆಮದಿನ ವಸ್ತುವಾಗಿದ್ದು, ಒಂದೊಂದು ಹಾಳೆಯೂ ದುಬಾರಿಯಾಗಿದೆ.

ಅಸಮತೆಯ ಮೂಲ

ಶೀಟ್ ಫಿಲಂ ಎಂಬುದು ಸುಮಾರು 0.18 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಾಳೆಯ ಮೇಲೆ ಬೆಳ್ಳಿಯ ಹಾಲೈಡ್ ಹರಳುಗಳುಳ್ಳ ಜಿಲಾಟಿನ್ ಲೇಪ. ಡೆವಲಪರ್ ದ್ರಾವಣದಲ್ಲಿ ಜಿಲಾಟಿನ್ ನೆನೆದು ಉಬ್ಬುತ್ತದೆ. ಬೆಳಕು ಬಿದ್ದ ಹರಳುಗಳು ಲೋಹದ ಬೆಳ್ಳಿಯಾಗಿ ಪರಿವರ್ತನೆಗೊಳ್ಳುತ್ತವೆ. ಈ ಕ್ರಿಯೆಯಲ್ಲಿ ಆ ಸ್ಥಳದ ಡೆವಲಪರ್ ದಣಿಯುವುದಲ್ಲದೆ ಬ್ರೋಮೈಡ್ ಬಿಡುಗಡೆಯಾಗುತ್ತದೆ. ಬ್ರೋಮೈಡ್ ಮುಂದಿನ ಕ್ರಿಯೆಯನ್ನು ತಡೆಯುವ ಗುಣವುಳ್ಳದ್ದು. ದಣಿದ ದ್ರಾವಣ ಸರಿದು ಹೊಸ ದ್ರಾವಣ ಎಲ್ಲೆಡೆಯೂ ಸಮನಾಗಿ ಬಂದರೆ ಸಾಂದ್ರತೆಯೂ ಸಮನಾಗುತ್ತದೆ. ಒಂದೆಡೆ ನಿಂತು ಇನ್ನೊಂದೆಡೆ ರಭಸವಾಗಿ ಹರಿದರೆ ಆ ಹರಿವಿನ ನಕ್ಷೆಯೇ ಬೆಳ್ಳಿಯಲ್ಲಿ ಮೂಡುತ್ತದೆ. ಅಸಮ ಕಲೆ ಎಂಬುದು ದ್ರವದ ಚಲನೆಯ ದಾಖಲೆ. ಅದರ ಆಕಾರದಿಂದಲೇ ಅದರ ಕಾರಣವನ್ನು ಊಹಿಸಬಹುದು.

ಚಿಕ್ಕ ಫಿಲಂಗಿಂತ ದೊಡ್ಡ ಹಾಳೆಯಲ್ಲಿ ಈ ದೋಷ ಹೆಚ್ಚು ಕಾಣಲು ಕಾರಣ ಸ್ಪಷ್ಟ. ದ್ರವ ಸಾಗಬೇಕಾದ ದೂರ ಹೆಚ್ಚು. ಆಕಾಶ, ಸುಣ್ಣ ಬಳಿದ ಗೋಡೆ, ನಯಗೊಳಿಸಿದ ಶಿಲೆ ಮೊದಲಾದ ಏಕರೂಪದ ವಿಸ್ತಾರಗಳು ದೊಡ್ಡದಾಗಿ ಮೂಡುವುದರಿಂದ ಅಲ್ಲಿ ಅತ್ಯಲ್ಪ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಎಲೆ, ಹುಲ್ಲು, ಕೆತ್ತನೆಗಳ ನಡುವೆ ಅಷ್ಟೇ ಪ್ರಮಾಣದ ವ್ಯತ್ಯಾಸ ಅಡಗಿಹೋಗುತ್ತದೆ.

ಕಲೆಯನ್ನು ಓದುವ ಕ್ರಮ

ಕಲೆ ಕಂಡೊಡನೆ ಡೆವಲಪರ್, ಉಷ್ಣತೆ, ಫಿಲಂ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಕಲೆ ಮಾಯವಾದರೂ ಕಾರಣ ತಿಳಿಯದೆ ಉಳಿಯುತ್ತದೆ. ನೆಗೆಟಿವ್ ಅನ್ನು ಹಿಂಬೆಳಕಿನ ಮೇಜಿನ ಮೇಲಿಟ್ಟು ಕ್ರಮವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸೂಕ್ತ.

ಮೊದಲನೆಯದು, ಕಲೆ ಚಿತ್ರದ ಹೊರಗಿನ ಅಂಚಿಗೂ ಹಬ್ಬಿದೆಯೇ ಎಂಬುದು. ಹೋಲ್ಡರಿನ ಕಂಬಿಗಳು ಮುಚ್ಚಿದ್ದ ಅಂಚಿಗೆ ಕ್ಯಾಮೆರಾದಲ್ಲಿ ಬೆಳಕು ಬೀಳುವುದಿಲ್ಲ. ಆ ಅಂಚೂ ಕಪ್ಪಾಗಿದ್ದರೆ ಫಿಲಂ ಹೋಲ್ಡರಿನ ಹೊರಗಿದ್ದಾಗ, ಅಂದರೆ ಡಬ್ಬಿಯಲ್ಲಿ ಅಥವಾ ಕತ್ತಲೆ ಕೋಣೆಯಲ್ಲಿ, ಬೆಳಕು ಸೋಂಕಿರುವ ಸಂಭವ ಹೆಚ್ಚು. ಅಂಚು ಹಾಲಿನಂತೆ ಮಬ್ಬಾಗಿದ್ದರೆ ಹೈಪೊದ ಕೆಲಸ ಅಪೂರ್ಣವಾಗಿದೆ ಎಂದರ್ಥ. ಹೊಸ ಹೈಪೊದಲ್ಲಿ ಮತ್ತೊಮ್ಮೆ ಅದ್ದಿದರೆ ಅದು ಸರಿಹೋಗುತ್ತದೆ.

ಎರಡನೆಯದು, ಕಲೆ ನೆರಳಿನ ಭಾಗದಲ್ಲಿಯೂ ಇದೆಯೇ ಎಂಬುದು. ಕ್ಯಾಮೆರಾದ ತಿದಿಯಲ್ಲಿನ ತೂತು ಅಥವಾ ಹೋಲ್ಡರಿನ ಸೀಳಿನಿಂದ ನುಸುಳಿದ ಬೆಳಕು ದಟ್ಟ ನೆರಳಿಗೂ ಸಾಂದ್ರತೆಯನ್ನು ಸೇರಿಸುತ್ತದೆ. ಸಂಸ್ಕರಣೆಯ ಅಸಮತೆಯಾದರೋ ಬೆಳಕು ಬಿದ್ದ ಪ್ರಮಾಣವನ್ನು ಅನುಸರಿಸುತ್ತದೆ. ನಡು ಛಾಯೆಗಳಲ್ಲಿಯೂ ಆಕಾಶದಲ್ಲಿಯೂ ಎದ್ದು ಕಂಡು, ದಟ್ಟ ನೆರಳಿನಲ್ಲಿ ಇಲ್ಲವೆಂಬಷ್ಟು ಕಡಿಮೆಯಾಗುತ್ತದೆ.

ಮೂರನೆಯದು, ಕಲೆಯ ಅಂಚು ಹರಿತವೋ ಮಸುಕೋ ಎಂಬುದು. ದುಂಡಗಿನ, ಹರಿತ ಅಂಚಿನ, ಸಾಂದ್ರತೆಯಿಲ್ಲದ ಚುಕ್ಕೆಯಾದರೆ ಗಾಳಿಗುಳ್ಳೆ ಅಂಟಿಕೊಂಡಿತ್ತೆಂದು ತಿಳಿಯಬೇಕು. ಬೆರಳಚ್ಚಿನ ಆಕಾರದಲ್ಲಿದ್ದರೆ ಕೈಯ ಜಿಡ್ಡು ಅಥವಾ ರಾಸಾಯನಿಕ ಕಾರಣ; ಹೈಪೊ ತಾಗಿದ ಬೆರಳು ತೆಳುವಾದ ಗುರುತನ್ನೂ ಡೆವಲಪರ್ ತಾಗಿದ ಬೆರಳು ದಟ್ಟವಾದ ಗುರುತನ್ನೂ ಬಿಡುತ್ತದೆ. ಮಿಂಚಿನ ಬಳ್ಳಿಯಂತಹ ಸಣ್ಣ ಕಪ್ಪು ಗೆರೆಗಳು ಒಣ ಹವೆಯಲ್ಲಿ ಫಿಲಂ ಅನ್ನು ರಭಸವಾಗಿ ಎಳೆದಾಗ ಹುಟ್ಟುವ ಸ್ಥಿರವಿದ್ಯುತ್ತಿನವು. ಮಸುಕಂಚಿನ ಪಟ್ಟೆ, ಅಲೆ, ಮೋಡದಂತಹ ಆಕಾರಗಳು ಮಾತ್ರ ಹರಿವಿಗೆ ಸಂಬಂಧಿಸಿದವು.

ನಾಲ್ಕನೆಯದು ಹಾಗೂ ಅತಿ ಮುಖ್ಯವಾದುದು, ಕಲೆ ವಸ್ತುವನ್ನು ಅನುಸರಿಸುತ್ತದೆಯೋ ಹಾಳೆಯನ್ನು ಅನುಸರಿಸುತ್ತದೆಯೋ ಎಂಬುದು. ಪಾಳಾ ಪ್ರಕರಣ ಇತ್ಯರ್ಥವಾದುದು ಈ ಪ್ರಶ್ನೆಯಿಂದಲೇ. ಹೋಲ್ಡರಿನ ಎರಡು ಮುಖಗಳಲ್ಲಿ ಒಂದೇ ವೀರಗಲ್ಲಿನ ಎರಡು ನೆಗೆಟಿವ್‌ಗಳಿದ್ದವು. ಮೊದಲನೆಯದರಲ್ಲಿ, ಮರದ ಎಲೆಗಳ ನಡುವಿನ ಕಿಂಡಿಯಲ್ಲಿ ಕಾಣುವ ಪ್ರಖರವಾದ ಆಕಾಶದ ತುಣುಕಿನಿಂದ ಹೊರಟ ತೆಳುಪಟ್ಟೆ ಕೆಳಗೆ ಕಲ್ಲಿನ ಮೇಲೆ ಹಾದಿತ್ತು. ಎರಡನೆಯದರಲ್ಲಿ ಅದೇ ತುಣುಕಿನಿಂದ ಹೊರಟ ಪಟ್ಟೆ ಮೇಲಂಚಿನ ಎಲೆಗಳತ್ತ ಸಾಗಿತ್ತು, ಕಲ್ಲು ಶುಭ್ರವಾಗಿತ್ತು. ಕತ್ತಲೆಯಲ್ಲಿ ಹಾಳೆಗಳನ್ನು ತೂಗುಚೌಕಟ್ಟಿಗೆ ಸೇರಿಸುವಾಗ ಎರಡನೆಯದು ತಲೆಕೆಳಗಾಗಿ ಸೇರಿತ್ತು. ಆಕಾಶದ ದಟ್ಟ ಭಾಗದಲ್ಲಿ ಬಿಡುಗಡೆಯಾದ ಬ್ರೋಮೈಡ್ ತುಂಬಿದ ಭಾರವಾದ ದ್ರಾವಣವು ಎರಡು ಹಾಳೆಗಳಲ್ಲಿಯೂ ತೊಟ್ಟಿಯ ತಳದ ಕಡೆಗೇ ಇಳಿದು, ತಾನು ಹಾದ ದಾರಿಯಲ್ಲಿ ಬೆಳ್ಳಿ ಮೂಡುವುದನ್ನು ತಡೆದಿತ್ತು. ನೆಗೆಟಿವ್‌ನಲ್ಲಿ ತೆಳುವಾದುದು ಮುದ್ರಣದಲ್ಲಿ ಕಪ್ಪಾಗಿ ನೀರಿನ ಕಲೆಯಂತೆ ತೋರಿತು. ಕಲ್ಲಿನಲ್ಲಿರುವುದು ಎರಡು ನೆಗೆಟಿವ್‌ಗಳಲ್ಲಿಯೂ ಒಂದೇ ಕಡೆ ಕಾಣಬೇಕು. ಹಾಗೆ ಕಾಣದಿರುವುದು ಕಲ್ಲಿನದಲ್ಲ.

ಸಂಸ್ಕರಣಾ ವಿಧಾನಗಳು ಮತ್ತು ಅವುಗಳ ದೋಷಗಳು

ತೊಟ್ಟಿ ಮತ್ತು ತೂಗುಚೌಕಟ್ಟಿನ ವಿಧಾನದಲ್ಲಿ ಎರಡು ವಿರುದ್ಧ ದೋಷಗಳು ಕಂಡುಬರುತ್ತವೆ. ಅಲುಗಾಟ ಕಡಿಮೆಯಾದರೆ ಮೇಲೆ ವಿವರಿಸಿದ ಬ್ರೋಮೈಡ್ ಪಟ್ಟೆಗಳು ಮೂಡುತ್ತವೆ. ಅಲುಗಾಟ ಅತಿಯಾದರೆ, ಚೌಕಟ್ಟಿನ ಕಂಬಿ ಹಾಗೂ ರಂಧ್ರಗಳ ಬಳಿ ದ್ರಾವಣ ಸುಳಿಯಾಗಿ ನುಗ್ಗಿ ಅಂಚುಗಳು ದಟ್ಟವಾಗುತ್ತವೆ. ಮುದ್ರಣದಲ್ಲಿ ಆಕಾಶದ ಅಂಚು ಬೆಳ್ಳಗಾಗುತ್ತದೆ. ಚೌಕಟ್ಟುಗಳನ್ನು ದ್ರಾವಣದೊಳಗೇ ಮೇಲೆ ಕೆಳಗೆ ಆಡಿಸುವ ಬದಲು ನಿಮಿಷಕ್ಕೊಮ್ಮೆ ಪೂರ್ಣವಾಗಿ ಮೇಲಕ್ಕೆತ್ತಿ, ಒಂದು ಮೂಲೆಯಿಂದ ಸೋರಿಸಿ, ಮತ್ತೆ ಮುಳುಗಿಸಿ, ಅನಂತರ ಎದುರು ಮೂಲೆಯಿಂದ ಸೋರಿಸುವುದು ಪರಿಹಾರ. ಮೊದಲ ಅರ್ಧ ನಿಮಿಷದ ಚಲನೆ ನಿರ್ಣಾಯಕವಾದುದು.

ಟ್ರೇ ವಿಧಾನದಲ್ಲಿ ಹಲವು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ತಳದ ಹಾಳೆಯನ್ನು ಎಳೆದು ಮೇಲಿಡುತ್ತಾ ಹೋಗುವುದು ರೂಢಿ. ಒಣ ಹಾಳೆಗಳು ಪರಸ್ಪರ ಅಂಟಿಕೊಂಡರೆ ಆ ಭಾಗಕ್ಕೆ ಡೆವಲಪರ್ ತಲುಪದೆ ತೆಳುವಾದ ತೇಪೆಗಳು ಉಳಿಯುತ್ತವೆ. ಒಂದು ಹಾಳೆಯ ಮೂಲೆ ಇನ್ನೊಂದನ್ನು ಗೀರುವುದೂ ಉಂಟು. ಆದುದರಿಂದ ಹಾಳೆಗಳನ್ನು ಒಂದೊಂದಾಗಿ ನೀರಿನಲ್ಲಿ ನೆನೆಸಿ ಅನಂತರ ಡೆವಲಪರಿಗೆ ಸೇರಿಸುವುದು ಲೇಸು. ಒಂದೇ ಹಾಳೆಯನ್ನು ಸಂಸ್ಕರಿಸುವಾಗ ಫಿಲಂಗಿಂತ ಸಾಕಷ್ಟು ದೊಡ್ಡದಾದ ಟ್ರೇ ಬೇಕು. ಇಲ್ಲವಾದರೆ ಗೋಡೆಗೆ ಬಡಿದು ಮರಳುವ ಅಲೆ ಅಂಚುಗಳನ್ನು ದಟ್ಟವಾಗಿಸುತ್ತದೆ. ಟ್ರೇಯನ್ನು ಒಂದೇ ದಿಕ್ಕಿನಲ್ಲಿ ಒಂದೇ ಲಯದಲ್ಲಿ ತೂಗಿದರೆ ಅಲೆಯ ಸಾಲುಗಳು ಮೂಡುವುದರಿಂದ ಅಂಚುಗಳನ್ನು ಸರದಿಯಂತೆ ಎತ್ತಿ ಇಳಿಸಬೇಕು. ಇತ್ತೀಚೆಗೆ ಅಗ್ಗವೆಂದು ಬಳಸಲಾಗುತ್ತಿರುವ ಎಕ್ಸ್-ರೇ ಫಿಲಂಗಳಲ್ಲಿ ಅನೇಕವು ಎರಡೂ ಮುಖಗಳಲ್ಲಿ ಲೇಪವುಳ್ಳವಾದುದರಿಂದ ಟ್ರೇಯ ತಳದಲ್ಲಿ ನಯವಾದ ಗಾಜನ್ನು ಇಡುವುದು ಅವಶ್ಯ.

ಉರುಳುವ ಡ್ರಂ ವಿಧಾನದಲ್ಲಿ ದ್ರಾವಣ ಅಲ್ಪವಾಗಿದ್ದು ಚಲನೆ ನಿರಂತರವಾಗಿರುತ್ತದೆ. ಡ್ರಂ ಮಟ್ಟಸವಾಗಿಲ್ಲದಿದ್ದರೆ ಹಾಳೆಯ ಒಂದು ಕೊನೆ ದಟ್ಟವಾಗುತ್ತದೆ; ಉರುಳುವ ದಿಕ್ಕನ್ನು ಆಗಾಗ ಬದಲಿಸದಿದ್ದರೆ ಉದ್ದನೆಯ ಪಟ್ಟೆಗಳು ಬರುತ್ತವೆ. ಹಾಳೆಯ ಬೆನ್ನು ಡ್ರಂ ಗೋಡೆಗೆ ತಾಗಿದ್ದಲ್ಲಿ ನಸುಗೆಂಪು ಬಣ್ಣ ಉಳಿದಿದ್ದರೆ ಅದು ಬೆಳ್ಳಿಯ ಅಸಮತೆಯಲ್ಲ, ತೊಳೆದುಹೋಗದ ರಕ್ಷಕ ವರ್ಣ. ಹೊರತೆಗೆದು ಮತ್ತೊಮ್ಮೆ ತೊಳೆದರೆ ಹೋಗುತ್ತದೆ. ಮೊದಲು ನೀರಿನಲ್ಲಿ ನೆನೆಸುವ ವಿಷಯದಲ್ಲಿ ತಯಾರಕರ ಸಲಹೆಗಳಲ್ಲಿಯೇ ಭಿನ್ನತೆಯಿದೆ. ಡ್ರಂ ತಯಾರಿಸುವ ಜೋಬೋ ಸಂಸ್ಥೆ 5 ನಿಮಿಷ ನೆನೆಸಲು ಸೂಚಿಸಿದರೆ, ಇಲ್ಫೋರ್ಡ್ ಸಂಸ್ಥೆ ತನ್ನ ಫಿಲಂಗಳಿಗೆ ಅದು ಅಸಮತೆಗೆ ಎಡೆಮಾಡಬಹುದೆಂದು ಎಚ್ಚರಿಸುತ್ತದೆ. ಅರೆಬರೆ ನೆನೆದ ಹಾಳೆ ಎರಡಕ್ಕಿಂತಲೂ ಕೆಟ್ಟದ್ದು. ನೆನೆಸುವುದಾದರೆ ಪೂರ್ಣವಾಗಿ ನೆನೆಸಬೇಕು, ತಮ್ಮ ಸಲಕರಣೆಗೆ ಯಾವುದು ಹೊಂದುತ್ತದೆಂಬುದನ್ನು ಪರೀಕ್ಷೆಯಿಂದಲೇ ನಿರ್ಧರಿಸಬೇಕು.

ಉಷ್ಣತೆ ಮತ್ತು ನೀರು

ಸಂಸ್ಕರಣಾ ಕೋಷ್ಟಕಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡಿವೆ. ಮಲೆನಾಡು ಬಯಲುಸೀಮೆಗಳು ಕೂಡುವ ಪಾಳಾದಂತಹ ಊರಿನಲ್ಲಿ ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲಿನ ತೊಟ್ಟಿಯ ನೀರು ಇದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲಂಗೆ ಐಡಿ-11 ಡೆವಲಪರನ್ನು ಬೆರಕೆಯಿಲ್ಲದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಸಾಕು. ಉಷ್ಣತೆ ಏರಿದಂತೆ ಈ ಅವಧಿ ವೇಗವಾಗಿ ಕುಗ್ಗುತ್ತದೆ. ಅವಧಿ 5 ನಿಮಿಷಕ್ಕಿಂತ ಕಡಿಮೆಯಾದಾಗ, ಆರಂಭದ ಕೆಲವು ಕ್ಷಣಗಳ ಅಸಮತೆ ಸರಿಹೋಗಲು ಸಮಯವೇ ಉಳಿಯುವುದಿಲ್ಲ. ಅದೇ ಡೆವಲಪರಿಗೆ ಸಮಪ್ರಮಾಣದ ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ, 24 ಡಿಗ್ರಿಯಲ್ಲಿ ಸುಮಾರು 9 ನಿಮಿಷ ದೊರೆಯುತ್ತದೆ. ನಮ್ಮ ಹವೆಗೆ ಇದೇ ಸುರಕ್ಷಿತವಾದ ದಾರಿ.

ಮಣ್ಣಿನ ಗಡಿಗೆಯಲ್ಲಿಟ್ಟ ನೀರು ಬೇಸಿಗೆಯ ಒಣ ಹವೆಯಲ್ಲಿ ತಣ್ಣಗಾಗುತ್ತದೆ. ಮಳೆಗಾಲದ ತೇವದಲ್ಲಿ ಈ ಉಪಾಯ ಫಲಿಸದು. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರೇಯ ಹೊರಗಿನ ನೀರಿನಲ್ಲಿಡಬೇಕೇ ಹೊರತು ಡೆವಲಪರಿಗೆ ಹಾಕಬಾರದು. ಡೆವಲಪರನ್ನು ಮಾತ್ರ ತಣಿಸಿ, ತೊಳೆಯುವ ನೀರನ್ನು ಬಿಸಿಯಾಗಿಯೇ ಬಿಟ್ಟರೆ ಜಿಲಾಟಿನ್ ಹಠಾತ್ತನೆ ಉಬ್ಬಿ ಸುಕ್ಕುಗಟ್ಟಿ, ಬಿರಿದ ಕೆರೆಯ ಮಣ್ಣಿನಂತಹ ಜಾಲ ಮೂಡುವ ಅಪಾಯವಿದೆ. ಎಲ್ಲ ದ್ರಾವಣಗಳೂ ನೀರೂ ಒಂದೇ ಉಷ್ಣತೆಯ ಆಸುಪಾಸಿನಲ್ಲಿರಬೇಕು.

ಕೊಳವೆಬಾವಿಯ ನೀರು ಗಡುಸಾಗಿದ್ದರೆ ಹನಿಗಳು ಆರಿದಲ್ಲಿ ಬಿಳಿಯ ಉಂಗುರಗಳು ಉಳಿಯುತ್ತವೆ. ಫಿಲಂನ ಬೆನ್ನಿನ ಕಡೆಯ ಉಂಗುರವನ್ನು ಒರೆಸಬಹುದು. ಎಮಲ್ಷನ್ ಕಡೆ ನಿಂತ ಹನಿ ಜಿಲಾಟಿನ್ನನ್ನೇ ವಿಕಾರಗೊಳಿಸಿ ಶಾಶ್ವತ ಗುರುತಾಗಬಹುದು. ಕೊನೆಯ ಬಾರಿಗೆ ಬಟ್ಟಿ ಇಳಿಸಿದ ನೀರಿನಲ್ಲಿ, ತೇವಕಾರಕದ ಕೆಲವು ಹನಿ ಸೇರಿಸಿ ಅದ್ದಿ, ಒಂದು ಮೂಲೆಯಿಂದ ತೂಗುಹಾಕಿ ಧೂಳಿಲ್ಲದೆಡೆ ಆರಿಸುವುದು ಉತ್ತಮ.

ಪರೀಕ್ಷೆಯ ವಿಧಾನ

ಮೇಲಿನ ಸೂಚನೆಗಳನ್ನು ಅಮೂಲ್ಯವಾದ ನೆಗೆಟಿವ್ ಮೇಲೆ ಪ್ರಯೋಗಿಸಬಾರದು. ಸಮನಾದ ಬೆಳಕಿರುವ ಬರಿಯ ಗೋಡೆಯನ್ನು, ಲೆನ್ಸನ್ನು ಮಸುಕಾಗಿಸಿ, ಮೀಟರು ತೋರಿಸಿದ್ದಕ್ಕಿಂತ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಎರಡು ಹಾಳೆಗಳ ಮೇಲೆ ತೆಗೆಯಬೇಕು. ಫಿಲಂನ ಅಂಚಿನಲ್ಲಿರುವ ಕಚ್ಚುಗಳು, ಎಮಲ್ಷನ್ ಮುಖ ನಮ್ಮೆಡೆಗಿದ್ದು ಹಾಳೆಯನ್ನು ನೀಳವಾಗಿ ಹಿಡಿದಾಗ, ಮೇಲಿನ ಬಲಮೂಲೆಯಲ್ಲಿ ಕೈಗೆ ಸಿಗುತ್ತವೆ. ಇದನ್ನೇ ಗುರುತಾಗಿಟ್ಟುಕೊಂಡು ಒಂದು ಹಾಳೆಯನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗಾಗಿ ಸಂಸ್ಕರಿಸಬೇಕು. ಆರಿದ ನಂತರ ಎರಡನ್ನೂ ಚಿತ್ರದ ದಿಕ್ಕಿಗೆ ಹೊಂದಿಸಿ ಇಟ್ಟಾಗ ವ್ಯತ್ಯಾಸ ಒಂದೇ ಕಡೆ ಇದ್ದರೆ ದೋಷ ಬೆಳಕಿನದು, ಲೆನ್ಸಿನದು ಅಥವಾ ಕ್ಯಾಮೆರಾದ್ದು. ವಿರುದ್ಧ ದಿಕ್ಕಿಗೆ ತಿರುಗಿದರೆ ಸಂಸ್ಕರಣೆಯದು. ನಾಲ್ಕೂ ಮೂಲೆಗಳು ಸಮನಾಗಿ ತೆಳುವಾಗಿದ್ದರೆ ಅದು ಲೆನ್ಸಿನ ಸಹಜ ಗುಣ. ಸಂಸ್ಕರಣೆಯ ದೋಷವೆಂದು ಖಚಿತವಾದ ಮೇಲೆ ಒಂದು ಬಾರಿಗೆ ಒಂದನ್ನೇ ಬದಲಿಸಿ ಪುನಃ ಪರೀಕ್ಷಿಸಬೇಕು. ಕೆಂಪು ಬೆಳಕಿಗೆ ಸ್ಪಂದಿಸದ ಆರ್ಥೊಕ್ರೊಮ್ಯಾಟಿಕ್ ಫಿಲಂ ಅಥವಾ ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಲಿತೋ ಫಿಲಂ ಲಭ್ಯವಿದ್ದರೆ, ಹಳೆಯ ಸ್ಟುಡಿಯೋದವರಂತೆ ಕೆಂಪು ದೀಪದಡಿಯಲ್ಲಿ ತನ್ನ ಕೈಯ ಚಲನೆಯ ಫಲವನ್ನು ಕಣ್ಣಾರೆ ಕಾಣಬಹುದು.

ಸಂಗ್ರಹಗಳಿಗೆ ಸಂಬಂಧಿಸಿದಂತೆ

ಹಳೆಯ ನೆಗೆಟಿವ್‌ಗಳ ಕಲೆಗಳನ್ನು ತಿದ್ದುವುದು ಸಂಗ್ರಹಾಲಯದ ಕರ್ತವ್ಯವಲ್ಲ. ಗುರುತಿಸಿ ಬರೆದಿಡುವುದು ಕರ್ತವ್ಯ. ಡಿಜಿಟಲ್ ಪ್ರತಿ ತೆಗೆಯುವಾಗ ಚಿತ್ರದ ಭಾಗವನ್ನಷ್ಟೇ ಕತ್ತರಿಸಿ ಉಳಿಸಿಕೊಳ್ಳುವ ಪದ್ಧತಿ ಸಲ್ಲದು. ಹೊರಗಿನ ಅಂಚು, ಕಚ್ಚುಗಳು, ಚೌಕಟ್ಟಿನ ಹಿಡಿತದ ಗುರುತುಗಳು ಸೇರಿದಂತೆ ಇಡೀ ಹಾಳೆಯ ಪ್ರತಿ ಇರಬೇಕು. ಕಾರಣಶೋಧಕ್ಕೆ ಬೇಕಾದ ಸಾಕ್ಷ್ಯ ಬಹುಪಾಲು ಅಲ್ಲಿಯೇ ಇರುತ್ತದೆ. ಒಂದೇ ವಸ್ತುವಿನ ಎರಡು ನೆಗೆಟಿವ್‌ಗಳಿದ್ದಲ್ಲಿ ‘ಪುನರಾವರ್ತನೆ’ ಎಂದು ಒಂದನ್ನು ಹೊರಗಿಡಬಾರದು. ಪಾಳಾದ ವೀರಗಲ್ಲಿಗೆ ಸಂಬಂಧಿಸಿದಂತೆ ಕಲ್ಲನ್ನು ಮರಳಿ ನೋಡುವ ಅವಕಾಶ ಇರದಿದ್ದರೂ ಸತ್ಯವನ್ನು ಹೇಳಬಲ್ಲ ಸಾಕ್ಷಿಯಾಗಿ ಎರಡನೆಯ ಹಾಳೆಯೊಂದೇ ಉಳಿಯುತ್ತಿತ್ತು.

ಹೊಸದಾಗಿ ದಾಖಲೀಕರಣ ಮಾಡುವವರು ಪ್ರತಿ ವಸ್ತುವಿಗೂ ಎರಡು ಹಾಳೆಗಳನ್ನು ಬಳಸಿ, ಅವನ್ನು ವಿರುದ್ಧ ದಿಕ್ಕುಗಳಲ್ಲಿ, ಸಾಧ್ಯವಾದರೆ ಬೇರೆ ಬೇರೆ ಬಾರಿ ಸಂಸ್ಕರಿಸಿ, ಫಿಲಂ, ಡೆವಲಪರ್, ಉಷ್ಣತೆ, ಅವಧಿ, ವಿಧಾನಗಳನ್ನು ಲಕೋಟೆಯ ಮೇಲೆ ಬರೆದಿಡಬೇಕು. ಇದರಿಂದ ವೆಚ್ಚ ಇಮ್ಮಡಿಯಾಗುವುದು ನಿಜ. ಆದರೆ ಪಾಳಾದ ಆ ವೀರಗಲ್ಲಿನ ವಿವರಪಟ್ಟಿಯಲ್ಲಿ ‘ಶಿಥಿಲ’ ಎಂಬ ಮಾತನ್ನು ಹೊಡೆದುಹಾಕಲು ಮಿತ್ರರು ಒಪ್ಪಿದ್ದು ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಬಳಿಕವೇ ಎಂಬುದನ್ನು ಇಲ್ಲಿ ನೆನೆಯಬೇಕು.